ಕೋಡಂಗಿ ಕುಣಿತದಿಂದ ಗುರುಕುಲಕ್ಕೆ: ಯಕ್ಷಗಾನ ಕಲಿಕೆಯ ಚರಿತ್ರೆ

ಯಕ್ಷಗಾನ ಕಲಿಯಬೇಕೆಂಬ ಆಸೆ ಹತ್ತಿದ ಕರಾವಳಿಯ ಹುಡುಗನಿಗೆ ಇಪ್ಪತ್ತನೇ ಶತಮಾನದ ಮಧ್ಯಭಾಗ ಕಳೆಯುವವರೆಗೂ ಇದ್ದದ್ದು ಒಂದೇ ದಾರಿ, ಮೇಳ ಸೇರುವುದು. ಶಾಲೆ ಎಂದರೂ ಅದೇ, ನೌಕರಿ ಎಂದರೂ ಅದೇ. ಕಾಸರಗೋಡಿನಿಂದ ಉಡುಪಿಯ ಆಸುಪಾಸಿನವರೆಗೆ ತೆಂಕುತಿಟ್ಟು, ಅಲ್ಲಿಂದ ಬ್ರಹ್ಮಾವರ, ಕುಂದಾಪುರಗಳ ಕಡೆಗೆ ಬಡಗುತಿಟ್ಟು, ಉತ್ತರ ಕನ್ನಡದಲ್ಲಿ ಅದರದೇ ಇನ್ನೊಂದು ಮಟ್ಟು. ತಿಟ್ಟು ಯಾವುದಾದರೂ ಕಲಿಕೆಯ ಕ್ರಮ ಹೆಚ್ಚುಕಡಿಮೆ ಒಂದೇ ಆಗಿತ್ತು. ದೀಪಾವಳಿ ಕಳೆದ ಮೇಲೆ ದೇವಸ್ಥಾನದ ಎದುರು ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನಕ್ಕೆ, ಗೆಜ್ಜೆ ಬಿಚ್ಚುತ್ತಿತ್ತು. ಆ ಆರು ತಿಂಗಳು ಹೆಚ್ಚುಕಡಿಮೆ ಪ್ರತಿ ರಾತ್ರಿ ಆಟ. ಕಲಾವಿದನ ಅನುಭವವನ್ನು ಈಗಲೂ ವರ್ಷಗಳಲ್ಲಿ ಹೇಳುವವರು ಕಡಿಮೆ. ಇಷ್ಟು ತಿರುಗಾಟ ಮಾಡಿದವರು ಎಂದೇ ಲೆಕ್ಕ.

ಮೇಳಕ್ಕೆ ಹುಡುಗರು ಬರುತ್ತಿದ್ದ ದಾರಿಗಳು ಎರಡು. ತಂದೆಯೋ ಸೋದರಮಾವನೋ ವೇಷಧಾರಿಯೋ ಮದ್ದಳೆಗಾರನೋ ಆಗಿದ್ದರೆ ಮಗ ಅವರ ಬೆನ್ನಿಗೆ ಹೋಗುತ್ತಿದ್ದ. ಹೊನ್ನಾವರ ಸೀಮೆಯ ಕೆರೆಮನೆ ಮನೆತನದ ಹಾಗೆ ಮೂರು ನಾಲ್ಕು ತಲೆಮಾರು ಮೇಳದಲ್ಲೇ ಬೆಳೆದ ಕುಟುಂಬಗಳು ಇವೆ. ಇನ್ನೊಂದು ದಾರಿ ಬಡತನದ್ದು. ಮನೆಯಲ್ಲಿ ಊಟಕ್ಕೆ ತತ್ವಾರ, ಶಾಲೆಯಲ್ಲಿ ಮನಸ್ಸು ನಿಲ್ಲದು, ಆಟದ ಹುಚ್ಚು ಬೇರೆ. ಅಂಥ ಹುಡುಗನನ್ನು ಪರಿಚಯದ ಕಲಾವಿದರೊಬ್ಬರು ಮೇಳದ ಯಜಮಾನರ ಮುಂದೆ ನಿಲ್ಲಿಸುತ್ತಿದ್ದರು. ಎರಡು ಹೊತ್ತು ಊಟ ಖಾತ್ರಿ ಎಂಬುದೇ ಹಲವು ತಂದೆತಾಯಿಯರಿಗೆ ಸಾಕಾಗಿತ್ತು. ಹೀಗೆ ಸೇರಿದವರಲ್ಲಿ ಎರಡನೆಯ, ಮೂರನೆಯ ತರಗತಿಗೆ ಓದು ಬಿಟ್ಟವರೇ ಹೆಚ್ಚು. ಮುಂದೆ ಅವರೇ ರಂಗಸ್ಥಳದಲ್ಲಿ ನಿಂತು ಗಂಟೆಗಟ್ಟಲೆ ಧರ್ಮಸೂಕ್ಷ್ಮ ಚರ್ಚಿಸಿದರು.

ಮೇಳಕ್ಕೆ ಕಾಲಿಡುವ ಮೊದಲು ಕೆಲವರಿಗೆ ಒಂದು ಪೂರ್ವಸಿದ್ಧತೆ ಸಿಗುತ್ತಿತ್ತು. ಬಡಗಿನ ಸೀಮೆಯಲ್ಲಿ ನವರಾತ್ರಿಯ ದಿನಗಳಲ್ಲಿ ಹೂವಿನಕೋಲು ಹೊರಡುತ್ತಿತ್ತು. ಹೂವಿನಿಂದ ಅಲಂಕರಿಸಿದ ಕೋಲು ಹಿಡಿದ ಇಬ್ಬರು ಮೂವರು ಹುಡುಗರು, ಜೊತೆಗೆ ಪದ್ಯ ಹಾಡಲೊಬ್ಬ ಭಾಗವತ, ಒಂದು ಮದ್ದಳೆ. ಈ ಪುಟ್ಟ ತಂಡ ಮನೆಮನೆಗೆ ಹೋಗಿ ಚಾವಡಿಯಲ್ಲಿ ಎದುರುಬದುರು ಕುಳಿತು ಯಾವುದಾದರೊಂದು ಪ್ರಸಂಗದ ತುಣುಕನ್ನು ಮಾತಿನಲ್ಲೇ ನಡೆಸಿಕೊಡುತ್ತಿತ್ತು. ಕುಣಿತವಿಲ್ಲ, ಬಣ್ಣವಿಲ್ಲ. ಪದ್ಯ ಮುಗಿದ ಕೂಡಲೇ ಅರ್ಥ ಹೇಳಬೇಕು, ತಡವರಿಸಬಾರದು. ಮನೆಯವರು ಅಕ್ಕಿ, ತೆಂಗಿನಕಾಯಿ, ಒಂದಿಷ್ಟು ಹಣ ಕೊಟ್ಟು ಕಳಿಸುತ್ತಿದ್ದರು. ಊರಿನ ಐಗಳೋ ಹಿರಿಯ ಭಾಗವತರೋ ಮೊದಲೇ ಬಾಯಿಪಾಠ ಮಾಡಿಸಿದ ಮಾತುಗಳೇ ಇವು. ಆದರೂ ಹತ್ತು ಮನೆಯ ಹತ್ತು ಬಗೆಯ ಕೇಳುಗರ ಎದುರು ಮಾತಾಡಿ ಬಂದ ಹುಡುಗನ ನಾಲಿಗೆಯ ಅಂಜಿಕೆ ಹೋಗಿರುತ್ತಿತ್ತು. ಯಾರ ಕಂಠ ಚೆನ್ನಾಗಿದೆ, ಯಾರಿಗೆ ತಾಳ ಕೂಡುತ್ತದೆ ಎಂಬುದು ಊರಿಗೆಲ್ಲ ತಿಳಿಯುತ್ತಿದ್ದದ್ದೂ ಹೀಗೆ. ಇಂದಿನ ಪ್ರತಿಭಾನ್ವೇಷಣೆ ಮಾಡುವ ಕೆಲಸವನ್ನು ಅಂದು ಹೂವಿನಕೋಲು ಸದ್ದಿಲ್ಲದೆ ಮಾಡುತ್ತಿತ್ತು.

ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಮಳೆಗಾಲದ ತಾಳಮದ್ದಳೆಯದು ಇನ್ನೊಂದು ತರಗತಿ. ದೇವಸ್ಥಾನದ ಒಳಾಂಗಣದಲ್ಲೋ ಅನುಕೂಲಸ್ಥರ ಮನೆಯಲ್ಲೋ ರಾತ್ರಿ ಕೂಟ ಸೇರುತ್ತಿತ್ತು. ಹಿರಿಯ ಅರ್ಥಧಾರಿಗಳ ಪಕ್ಕದಲ್ಲಿ ಸಣ್ಣವನಿಗೊಂದು ದೂತನ ಮಾತೋ ಸಖಿಯ ಮಾತೋ ಸಿಕ್ಕರೆ ಅದೇ ಭಾಗ್ಯ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಕಾಲದಲ್ಲಿ ಈ ಕೂಟಗಳು ಪಾಂಡಿತ್ಯದ ಕಣಗಳೇ ಆದವು. ಯಕ್ಷಗಾನದ ಮಾತು ಬರೆದಿಟ್ಟದ್ದಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಅರ್ಥ ವೇಷಧಾರಿಯ ಸ್ವಂತದ್ದು. ಹಾಗಾಗಿ ಕುಣಿತವನ್ನು ಒಬ್ಬ ಗುರು ಹೇಳಿಕೊಟ್ಟರೂ ಮಾತನ್ನು ಕೇಳಿಕೇಳಿಯೇ ಕಲಿಯಬೇಕು, ಪುರಾಣವನ್ನು ಓದಿಯೋ ಓದಿಸಿ ಕೇಳಿಯೋ ತಿಳಿಯಬೇಕು. ಅಕ್ಷರ ಕಡಿಮೆಯಿದ್ದ ಹುಡುಗರಿಗೆ ಮಳೆಗಾಲದ ನಾಲ್ಕು ತಿಂಗಳೇ ಓದಿನ ಕಾಲ.

ಮೇಳದ ಒಳಗಿನ ಕಲಿಕೆಗೆ ಒಂದು ಏಣಿ ಇತ್ತು. ಅದರ ಕೆಳಗಿನ ಮೆಟ್ಟಿಲುಗಳು ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದಲ್ಲಿ ಇದ್ದವು. ಮುಸ್ಸಂಜೆಗೆ ಚೆಂಡೆ ಮದ್ದಳೆಗಳ ಕೇಳಿ ಬಡಿದು ಆಟವಿದೆಯೆಂದು ಊರಿಗೆ ಸಾರಿದ ಮೇಲೆ, ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿ ಪೂಜೆ ಮುಗಿದು, ರಂಗಸ್ಥಳಕ್ಕೆ ಮೊದಲು ಬರುತ್ತಿದ್ದದ್ದು ಕೋಡಂಗಿಗಳು. ಸರಳ ಉಡುಪು, ಮುಖಕ್ಕೆ ದೊಡ್ಡ ಬಣ್ಣವಿಲ್ಲ, ಮಾತಿಲ್ಲ. ಹೊಸದಾಗಿ ಸೇರಿದ ಹುಡುಗರೆಲ್ಲ ಈ ವೇಷದಲ್ಲಿ ಬಂದು ತಾಳಕ್ಕೆ ಹೆಜ್ಜೆ ಹಾಕಿ ಹೋಗುತ್ತಿದ್ದರು. ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಮನೆಯಿಂದ ಹೊರಟಿರುವುದಿಲ್ಲ. ಬಂದು ಕುಳಿತವರೂ ಚಾಪೆ ಹಾಸುವುದರಲ್ಲಿ, ನೆಂಟರನ್ನು ಮಾತಾಡಿಸುವುದರಲ್ಲಿ ಮಗ್ನರು. ತಪ್ಪಿದರೆ ನಗುವವರಿಲ್ಲ, ಭಾಗವತನ ಕಣ್ಣು ಮಾತ್ರ ಹುಡುಗನ ಮೇಲೇ ಇರುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಶಿಕ್ಷಣತಜ್ಞನೂ ಯೋಚಿಸಿ ಮಾಡಿದ್ದಿರಲಾರ.

ಕೋಡಂಗಿಯಲ್ಲಿ ಹೆಜ್ಜೆ ಕುದುರಿದವನಿಗೆ ಬಾಲಗೋಪಾಲ. ಬಲರಾಮ, ಕೃಷ್ಣರಾಗಿ ಬರುವ ಈ ಜೋಡಿ ವೇಷಕ್ಕೆ ಕಿರೀಟವಿದೆ, ಮುಖಕ್ಕೆ ಬಣ್ಣವಿದೆ, ಕುಣಿತದಲ್ಲಿ ಒಂದು ಕ್ರಮವಿದೆ. ಒಬ್ಬರನ್ನೊಬ್ಬರು ನೋಡಿಕೊಂಡು ಸರಿಸಮನಾಗಿ ಕುಣಿಯಬೇಕಾದ್ದರಿಂದ ಲಯದ ಶಿಸ್ತು ತಾನಾಗಿ ಬರುತ್ತದೆ. ಅದಾದ ಮೇಲೆ ಪೀಠಿಕೆಯ ಸ್ತ್ರೀವೇಷ. ಲಾಸ್ಯದ ನಡೆ, ಬಳುಕು, ಅಭಿನಯ ಇಲ್ಲಿ ಕೈಗೂಡಬೇಕು. ತೆಂಕಿನಲ್ಲಿ ಷಣ್ಮುಖ, ಅರ್ಧನಾರೀಶ್ವರ ಮುಂತಾದ ಇನ್ನೂ ಕೆಲವು ವೇಷಗಳು ಪೂರ್ವರಂಗದಲ್ಲಿದ್ದವು. ಏಕ, ರೂಪಕ, ಝಂಪೆ, ಅಷ್ಟ, ತ್ರಿವುಡೆ ತಾಳಗಳು, ಮುಕ್ತಾಯ ಕೊಡುವ ಬಗೆ, ರಂಗಸ್ಥಳವನ್ನು ಸುತ್ತಿ ಬರುವ ಅಳತೆ ಎಲ್ಲವೂ ಪೂರ್ವರಂಗದ ಎರಡು ಮೂರು ಗಂಟೆಯಲ್ಲಿ, ರಾತ್ರಿ ರಾತ್ರಿ ಅಭ್ಯಾಸವಾಗಿ, ಒಂದು ತಿರುಗಾಟ ಮುಗಿಯುವಾಗ ಹುಡುಗನ ಕಾಲಿಗೆ ನೂರೈವತ್ತಕ್ಕೂ ಮೀರಿದ ಆಟಗಳ ಅನುಭವ ಸೇರಿರುತ್ತಿತ್ತು. ಪೂರ್ವರಂಗದ ಹಾಡುಗಳನ್ನು ಹೇಳುತ್ತಿದ್ದವನೂ ಮುಖ್ಯ ಭಾಗವತನಲ್ಲ. ಅವನ ಕೈಕೆಳಗೆ ಕಲಿಯುತ್ತಿದ್ದ ಸಂಗೀತಗಾರ. ಚೆಂಡೆ ಮದ್ದಳೆಗೂ ಆಗ ಕಿರಿಯರೇ ಕೂರುತ್ತಿದ್ದರು. ರಂಗದ ಮುಂದೆ, ಹಿಂದೆ ಎರಡೂ ಕಡೆ ಆ ಹೊತ್ತು ವಿದ್ಯಾರ್ಥಿಗಳದ್ದೇ.

ಪೂರ್ವರಂಗ ಮುಗಿಸಿ ಬಂದ ಹುಡುಗನಿಗೆ ನಿದ್ದೆಯಿಲ್ಲ. ಚೌಕಿಯಲ್ಲಿ ಹಿರಿಯರಿಗೆ ಗೆಜ್ಜೆ ಎತ್ತಿಕೊಡುವುದು, ಅಟ್ಟೆ ಬಿಗಿಯುವುದು, ಅರದಳ ಇಂಗಳಿಕ ಅರೆದು ಕೊಡುವುದು ಅವನ ಕೆಲಸ. ಮುಖವರ್ಣಿಕೆ ಕಲಿಯುತ್ತಿದ್ದದ್ದೂ ಇಲ್ಲೇ, ಕನ್ನಡಿ ಹಿಡಿದು ಕುಳಿತಾಗ. ರಾಕ್ಷಸ ಪಾತ್ರಗಳ ಬಣ್ಣದ ವೇಷಧಾರಿ ಅಕ್ಕಿಹಿಟ್ಟು ಸುಣ್ಣದ ಹಿಟ್ಟಿನಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತ ಹೋದರೆ ಮುಗಿಯಲು ಎರಡು ಮೂರು ತಾಸು ಬೇಕು. ಪಕ್ಕದಲ್ಲಿ ದೀಪ ಹಿಡಿದವನ ಕಣ್ಣಿಗೆ ಆ ಗೆರೆಗಳು ಅಚ್ಚೊತ್ತುತ್ತವೆ. ವೇಷ ಮುಗಿದ ಮೇಲೆ ಪರದೆಯ ಬದಿಯಿಂದ ಆಟ ನೋಡಬೇಕು. ಯಾವ ಪದ್ಯಕ್ಕೆ ಏನು ಅರ್ಥ ಬಂತು, ಹಾಸ್ಯಗಾರ ಎಲ್ಲಿ ಮಾತು ತುಂಬಿದ ಎಂಬುದನ್ನು ಕೇಳಿ ನೆನಪಿಟ್ಟುಕೊಳ್ಳಬೇಕು. ಬೆಳಗಾದರೆ ಪೆಟ್ಟಿಗೆ ಕಟ್ಟಿ ಮುಂದಿನ ಊರಿಗೆ ನಡಿಗೆ. ರಸ್ತೆ, ಲಾರಿ ಬರುವ ಮೊದಲು ವೇಷಭೂಷಣದ ಪೆಟ್ಟಿಗೆಗಳು ಹೊರೆಯಾಳುಗಳ ತಲೆಯ ಮೇಲೆ ಹೋಗುತ್ತಿದ್ದವು. ಕಲಾವಿದರು ಗದ್ದೆಯಂಚು, ಕಡವು ದಾಟಿ ಹೋಗಿ ಸಿಕ್ಕಿದಲ್ಲಿ ಮಲಗುತ್ತಿದ್ದರು.

ಯಾರೂ ಕೂರಿಸಿ ಪಾಠ ಹೇಳುತ್ತಿರಲಿಲ್ಲ ಎಂದಲ್ಲ. ಮಧ್ಯಾಹ್ನ ಎಚ್ಚರವಾದ ಮೇಲೆ ಮನಸ್ಸು ಬಂದ ಹಿರಿಯರು ನಾಲ್ಕು ಹೆಜ್ಜೆ ಹೇಳಿಕೊಡುತ್ತಿದ್ದರು, ಜಿಗಿದು ಸುತ್ತುವ ಧೀಂಗಣ ತೆಗೆಯುವಾಗ ಕಾಲು ಹೇಗೆ ಇಡಬೇಕೆಂದು ತೋರಿಸುತ್ತಿದ್ದರು. ಆದರೆ ಅದು ಹಿರಿಯರ ಮರ್ಜಿಗೆ ಸೇರಿದ್ದು. ಮೆಚ್ಚಿದವನಿಗೆ ಸಿಕ್ಕ ಪಾಠ ಇನ್ನೊಬ್ಬನಿಗೆ ಸಿಗುತ್ತಿರಲಿಲ್ಲ. ಬೈಗುಳ, ಏಟು ಮಾಮೂಲು. ತಮಗೆ ಪ್ರತಿಸ್ಪರ್ಧಿಯಾಗಬಲ್ಲ ಹುಡುಗನಿಗೆ ಗುಟ್ಟು ಬಿಟ್ಟುಕೊಡದ ಹಿರಿಯರೂ ಇದ್ದರು. ಮೇಳದ ಕಲಿಕೆಯನ್ನು ಹಾಡಿ ಹೊಗಳುವಾಗ ಈ ಮಾತನ್ನು ಬದಿಗಿಡುವ ರೂಢಿ ಬರಹಗಾರರಲ್ಲಿ ಬೆಳೆದಿದೆ. ಅರ್ಧದಲ್ಲೇ ಓಡಿಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಏಣಿಯ ಮೇಲಿನ ಮೆಟ್ಟಿಲುಗಳು ಇಕ್ಕಟ್ಟಾಗಿದ್ದವು. ಬಡಗಿನಲ್ಲಿ ಭಾಗವತನೇ ಮೊದಲನೆಯ ವೇಷ, ಕಥಾನಾಯಕನಾಗಿ ಬರುವವನು ಎರಡನೇ ವೇಷಧಾರಿ. ಒಂದು ಮೇಳಕ್ಕೆ ಎರಡನೇ ವೇಷಧಾರಿ ಒಬ್ಬನೇ. ತೆಂಕಿನಲ್ಲಿ ಅಭಿಮನ್ಯು, ಬಬ್ರುವಾಹನರಂಥ ಪುಂಡುವೇಷ, ರಾಜವೇಷ, ಬಣ್ಣದ ವೇಷ ಎಂಬ ವಿಭಾಗಗಳಿದ್ದು ಪ್ರತಿಯೊಂದಕ್ಕೂ ಇಂತಿಷ್ಟೇ ಜನ. ಮೇಲಿನವನು ಮೇಳ ಬದಲಿಸುವವರೆಗೆ, ಕಾಯಿಲೆ ಬೀಳುವವರೆಗೆ ಕೆಳಗಿನವನು ಕಾಯಬೇಕು. ಎಷ್ಟೋ ಸಲ ಅವಕಾಶ ಬರುತ್ತಿದ್ದದ್ದು ಒಂದೇ ರಾತ್ರಿಯಲ್ಲಿ, ಮುಖ್ಯ ವೇಷಧಾರಿ ಬಾರದೆ ಹೋದಾಗ. ಅಂದು ವೇಷ ಗೆದ್ದರೆ ಮರುವರ್ಷ ಬೇರೆ ಮೇಳದ ಯಜಮಾನರು ಕೇಳಿಕೊಂಡು ಬರುತ್ತಿದ್ದರು. ತೆಳ್ಳಗಿನ ಮೈಕಟ್ಟು, ಒಡೆಯದ ದನಿ ಇದ್ದ ಹುಡುಗರು ಮಾತ್ರ ಬೇಗ ಮೇಲೆ ಬರುತ್ತಿದ್ದರು, ಸ್ತ್ರೀವೇಷಕ್ಕೆ ಅವರೇ ಬೇಕಿತ್ತು. ವಯಸ್ಸಿಗೆ ಬಂದಾಗ ಹಲವರು ಪುರುಷವೇಷಕ್ಕೆ ಹೊರಳುತ್ತಿದ್ದರು. ಕೋಳ್ಯೂರು ರಾಮಚಂದ್ರ ರಾಯರಂತೆ ದಶಕಗಳ ಕಾಲ ಸ್ತ್ರೀವೇಷದಲ್ಲೇ ನಿಂತು ಹೆಸರಾದವರು ವಿರಳ.

ಸಂಬಳದ ಮಾತು ವೇಷದ ಸ್ಥಾನಕ್ಕೆ ತಕ್ಕಂತೆ ಇರುತ್ತಿತ್ತು. ಹೊಸಬನಿಗೆ ಊಟ, ಒಂದಿಷ್ಟು ಚಿಲ್ಲರೆ. ಮಳೆಗಾಲದಲ್ಲಿ ದುಡಿಮೆಯಿಲ್ಲದ ಕಲಾವಿದ ಮುಂದಿನ ತಿರುಗಾಟದ ಲೆಕ್ಕದಲ್ಲಿ ಯಜಮಾನರಿಂದ ಮುಂಗಡ ತೆಗೆದುಕೊಳ್ಳುತ್ತಿದ್ದ. ಆ ಸಾಲ ತೀರುವವರೆಗೆ ಮೇಳ ಬಿಡುವಂತಿಲ್ಲ. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017) ಎಳವೆಯಲ್ಲೇ ಶಾಲೆ ಬಿಟ್ಟು ಈ ಲೋಕಕ್ಕೆ ಬಂದವರು. ಮೇಳದಿಂದ ಮೇಳಕ್ಕೆ ಬೆಳೆದು, ಭಸ್ಮಾಸುರ, ಕೀಚಕರಂಥ ಪಾತ್ರಗಳಿಗೆ ತಮ್ಮದೇ ಕುಣಿತದ ಛಾಪು ಒತ್ತಿ, 2012ರಲ್ಲಿ ಪದ್ಮಶ್ರೀ ಪಡೆದು, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಹಳೆಯ ಏಣಿಯನ್ನು ತುದಿಯವರೆಗೆ ಹತ್ತಿದವರ ಹೆಸರು ಹೀಗೆ ಉಳಿಯುತ್ತದೆ. ನಡುವಿನ ಮೆಟ್ಟಿಲಲ್ಲೇ ಬಾಳು ಸವೆಸಿದವರೇ ಮೇಳಗಳಲ್ಲಿ ಬಹುಸಂಖ್ಯಾತರು.

1950ರ ದಶಕದಿಂದ ಈ ವ್ಯವಸ್ಥೆಯ ಬುಡವೇ ಅಲುಗಿತು. ಅಲ್ಲಿಯವರೆಗೆ ಆಟ ಎಂದರೆ ಹರಕೆ ಹೊತ್ತವರು ಆಡಿಸುವ ಬಯಲಾಟ, ನೋಡುವವರು ಕಾಸು ಕೊಡಬೇಕಿಲ್ಲ. ಈಗ ಡೇರೆ ಹಾಕಿ, ಕುರ್ಚಿ ಇಟ್ಟು, ಟಿಕೆಟು ಮಾರುವ ಮೇಳಗಳು ಹುಟ್ಟಿದವು. ನಾಟಕ ಕಂಪನಿಗಳ, ಸಿನಿಮಾದ ಪೈಪೋಟಿಯ ಎದುರು ಮೇಳಗಳು ಕಂಡುಕೊಂಡ ದಾರಿ ಅದು. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಕೋಡಂಗಿ ಬೇಡ, ಬಾಲಗೋಪಾಲ ಬೇಡ. ನೇರವಾಗಿ ಪ್ರಸಂಗ ಬೇಕು, ಹೆಸರಾಂತರ ವೇಷ ಬೇಕು. ಪೂರ್ವರಂಗ ಮೊದಲು ಮೊಟಕಾಯಿತು, ಮತ್ತೆ ಹಲವೆಡೆ ನಿಂತೇಹೋಯಿತು. ಬಯಲಾಟದ ಮೇಳಗಳಲ್ಲೂ ಅದು ಶಾಸ್ತ್ರಕ್ಕೆ ಮಾಡಿ ಮುಗಿಸುವ ಬಾಬತ್ತಾಯಿತು. ಆಟದ ಸೊಗಸು ಕಡಿಮೆಯಾಯಿತೆಂದು ವಿದ್ವಾಂಸರು ಮರುಗಿದರು. ಅದಕ್ಕಿಂತ ದೊಡ್ಡ ನಷ್ಟ ಕಲಿಯುವವರದ್ದು. ಏಣಿಯ ಕೆಳಗಿನ ಮೂರು ಮೆಟ್ಟಿಲು ಕಳಚಿಹೋಗಿದ್ದವು. ಮೇಳಕ್ಕೆ ಬಂದ ಹುಡುಗ ಕಲಿತೇ ಬಂದಿರಬೇಕು ಎಂಬ ಸ್ಥಿತಿ ಬಂತು. ಕಲಿಯಲು ಜಾಗ ಮಾತ್ರ ಎಲ್ಲೂ ಇರಲಿಲ್ಲ. ಇದೇ ಕಾಲಕ್ಕೆ ಊರೂರಿಗೆ ಶಾಲೆಗಳು ಬಂದು, ಮುಂಬಯಿ, ಬೆಂಗಳೂರಿನ ಹೋಟೆಲುಗಳ ಕೆಲಸ ಕರಾವಳಿಯ ಬಡ ಹುಡುಗರನ್ನು ಸೆಳೆದುಕೊಂಡಿತು. ಊಟಕ್ಕಾಗಿ ಮೇಳ ಸೇರುವ ಅನಿವಾರ್ಯತೆ ಕಡಿಮೆಯಾದದ್ದು ಸಮಾಜಕ್ಕೆ ಒಳ್ಳೆಯದೇ, ಮೇಳಕ್ಕೆ ಮಾತ್ರ ಹೊಸಬರ ಬರ.

ಯಕ್ಷಗಾನವನ್ನು ಶಾಸ್ತ್ರವಾಗಿ ನೋಡುವ ಪ್ರಯತ್ನ ಆಗಲೇ ಶುರುವಾಗಿತ್ತು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಹೊರಬಂತು. ವೇಷ, ರಾಗ, ತಾಳ, ಕುಣಿತಗಳನ್ನು ದಾಖಲಿಸಿದ ಆ ಪುಸ್ತಕ ವಿದ್ಯಾವಂತರ ಗಮನ ಸೆಳೆಯಿತು. ಕಾರಂತರು ಮುಂದೆ ತಮ್ಮ ಪ್ರಯೋಗಗಳಿಗೆ ಕಲಾವಿದರನ್ನು ತರಬೇತು ಮಾಡಲು ಹೊರಟಾಗ, ಹಳೆಯ ಹೆಜ್ಜೆ ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದಾರೆ, ಅವರಿಗೂ ವಯಸ್ಸಾಗಿದೆ ಎಂಬುದು ಎದ್ದು ಕಂಡಿತು. 1970ರ ದಶಕದ ಆರಂಭದಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ತೆರೆಯಿತು. ಅದರ ಹಿಂದೆ ಇದ್ದವರು ಕಾಲೇಜಿನ ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರು ಮತ್ತು ಕಾರಂತರು. ಪಾಠ ಹೇಳಲು ಕರೆದದ್ದು ಮೇಳದಲ್ಲಿ ಹಣ್ಣಾದವರನ್ನೇ. ಕುಣಿತಕ್ಕೆ ವೀರಭದ್ರ ನಾಯಕರು, ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯನವರು, ಮದ್ದಳೆಗೆ ಹಿರಿಯಡ್ಕ ಗೋಪಾಲ ರಾಯರು. ಗೋಪಾಲ ರಾಯರು ನೂರು ವರ್ಷ ದಾಟಿ ಬದುಕಿದವರು. ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್ ಗೋಪಾಲ ರಾಯರ ಬಳಿಯೇ ಅಭ್ಯಾಸ ಮಾಡಿ, ಬ್ರೂಸ್ ಕ್ರಿಸ್ಟಿಯ ಜೊತೆಗೂಡಿ 1977ರಲ್ಲಿ ಯಕ್ಷಗಾನದ ಮೇಲೆ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಮೇಳದಲ್ಲಿ ಹೆಂಗಸರಿಗೆ ಜಾಗವಿಲ್ಲದ ಕಾಲದಲ್ಲಿ ಪರದೇಶದ ಹೆಣ್ಣುಮಗಳೊಬ್ಬಳು ಮೇಳದ ಮದ್ದಳೆಗಾರರಿಂದ ಕಲಿತದ್ದು ಆಗ ದೊಡ್ಡ ಸುದ್ದಿ.

ತೆಂಕಿನಲ್ಲಿ ಅದೇ ಹೊತ್ತಿಗೆ ಧರ್ಮಸ್ಥಳದಲ್ಲಿ ಲಲಿತ ಕಲಾ ಕೇಂದ್ರ ಶುರುವಾಯಿತು. ಕುರಿಯ ವಿಠಲ ಶಾಸ್ತ್ರಿಗಳ ಹೆಸರು ಆ ಕೇಂದ್ರದ ಹುಟ್ಟಿನೊಂದಿಗೆ ಸೇರಿದೆ. ಪಡ್ರೆ ಚಂದು ಅವರು ಅಲ್ಲಿ ಕಲಿಸಿದ ಹೆಜ್ಜೆಗಳನ್ನು ತೆಂಕಿನ ಇಂದಿನ ಹಿರಿಯ ವೇಷಧಾರಿಗಳು ಅನೇಕರು ಇನ್ನೂ ನೆನೆಯುತ್ತಾರೆ. ಬ್ರಹ್ಮಾವರದ ಹತ್ತಿರ ಹಂಗಾರಕಟ್ಟೆಯಲ್ಲಿ ಐರೋಡಿ ಸದಾನಂದ ಹೆಬ್ಬಾರರ ಮುಂದಾಳುತನದಲ್ಲಿ ಯಕ್ಷಗಾನ ಕಲಾಕೇಂದ್ರವಾಯಿತು. ಉತ್ತರ ಕನ್ನಡದಲ್ಲಿ ತಡವಾಗಿ, 1986ರಲ್ಲಿ, ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಕಟ್ಟಿದರು. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳ ಆಗಲೇ ಅರ್ಧ ಶತಮಾನ ಕಂಡಿತ್ತು. ಹಾಗಾಗಿ ಅಲ್ಲಿ ಕಲಿತವರಿಗೆ ಪಕ್ಕದಲ್ಲೇ ರಂಗಸ್ಥಳವೂ ಸಿಕ್ಕಿತು. ಉಳಿದ ಕೆಲವು ಕೇಂದ್ರಗಳಿಗೆ ಈ ಅನುಕೂಲ ಅಷ್ಟು ಸಲೀಸಾಗಿ ಇರಲಿಲ್ಲ.

ಕೇಂದ್ರದಲ್ಲಿ ದಿನಚರಿಯೇ ತಲೆಕೆಳಗಾಯಿತು. ಮೇಳದಲ್ಲಿ ರಾತ್ರಿ ಕಲಿಕೆ, ಹಗಲು ನಿದ್ದೆ. ಉಡುಪಿಯ ಯಕ್ಷಗಾನ ಕೇಂದ್ರ ಈಗಿರುವ ಇಂದ್ರಾಳಿಯಲ್ಲಿ ಹುಡುಗರು ಬೆಳಿಗ್ಗೆ ಎದ್ದು ಗೆಜ್ಜೆ ಕಟ್ಟುತ್ತಾರೆ, ಹಗಲು ಹತ್ತಿರದ ಶಾಲೆಗೆ ಹೋಗುತ್ತಾರೆ, ಸಂಜೆ ಮತ್ತೆ ಅಭ್ಯಾಸ. ಊಟ, ವಸತಿ ಅಲ್ಲೇ. ಮೊದಲು ಬಾಯಿತಾಳ ಹೇಳುತ್ತ ಕೈಯಲ್ಲಿ ತಾಳ ಹಾಕಬೇಕು. ತಾಳ ತಪ್ಪದೆ ಬರುವವರೆಗೆ ಕಾಲೆತ್ತುವಂತಿಲ್ಲ. ಆಮೇಲೆ ಒಂದೊಂದು ತಾಳದ ಹೆಜ್ಜೆ, ಮುಕ್ತಾಯ, ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗದ ಕ್ರಮ, ಕೇದಗೆ ಮುಂದಲೆ ಕಟ್ಟುವುದು, ಮುಂಡಾಸು ಸುತ್ತುವುದು. ಮೇಳದಲ್ಲಿ ನೋಡುತ್ತ ಹತ್ತು ವರ್ಷಕ್ಕೆ ದಕ್ಕುತ್ತಿದ್ದ ಸಂಗತಿಗಳು ಇಲ್ಲಿ ಒಂದೆರಡು ವರ್ಷದಲ್ಲಿ ವಿಂಗಡವಾಗಿ, ಅನುಕ್ರಮವಾಗಿ ಸಿಕ್ಕವು. ಮೇಳದಲ್ಲಿ ಬಿಟ್ಟೇಹೋಗಿದ್ದ ಪೂರ್ವರಂಗ ಕೇಂದ್ರದ ಪಾಠಪಟ್ಟಿಯಲ್ಲಿ ಉಳಿದುಕೊಂಡಿತು. ಬನ್ನಂಜೆ ಸಂಜೀವ ಸುವರ್ಣರು ಈ ಬದಲಾವಣೆಯ ಜೀವಂತ ಸಾಕ್ಷಿ. ಎರಡನೇ ತರಗತಿಗೆ ಓದು ನಿಲ್ಲಿಸಿ, ಸಣ್ಣಪುಟ್ಟ ಕೂಲಿ ಮಾಡಿ, ವೀರಭದ್ರ ನಾಯಕರ ಶಿಷ್ಯರಾಗಿ ಕಲಿತ ಅವರು ಮುಂದೆ ಅದೇ ಕೇಂದ್ರದ ಗುರುವಾಗಿ ದಶಕಗಳ ಕಾಲ ಪಾಠ ಹೇಳಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೂ ಹೆಜ್ಜೆ ಕಲಿಸಿದರು.

ಕೇಂದ್ರಗಳ ಬಗ್ಗೆ ಮೇಳದವರಿಗೆ ಅನುಮಾನವಿತ್ತು. ಕೇಂದ್ರದ ಹುಡುಗರ ಕುಣಿತ ಅಚ್ಚುಕಟ್ಟು, ಮಾತು ಮಾತ್ರ ಬರುವುದಿಲ್ಲ ಎಂಬ ದೂರು ಸುಳ್ಳೇನಲ್ಲ. ಅರ್ಥಗಾರಿಕೆಯನ್ನು ತರಗತಿಯಲ್ಲಿ ಕಲಿಸುವ ವಿಧಾನ ಇನ್ನೂ ಗಟ್ಟಿಯಾಗಿ ಯಾರಿಗೂ ಸಿಕ್ಕಿಲ್ಲ. ಬರೆದುಕೊಟ್ಟ ಮಾತನ್ನು ಒಪ್ಪಿಸುವ ಹುಡುಗ ಎದುರಿನವನು ಬೇರೆ ಪ್ರಶ್ನೆ ಎಸೆದರೆ ತಬ್ಬಿಬ್ಬಾಗುತ್ತಾನೆ. ಎಲ್ಲರ ಹೆಜ್ಜೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ ಎಂಬುದು ಇನ್ನೊಂದು ಆಕ್ಷೇಪ. ಆದರೆ ಇದನ್ನು ಹೇಳಿದ ಮೇಳಗಳೇ ವರ್ಷ ಕಳೆದಂತೆ ಹೊಸಬರಿಗಾಗಿ ಕೇಂದ್ರಗಳ ಬಾಗಿಲು ತಟ್ಟಿದವು.

ಹಿಮ್ಮೇಳದ ಕಲಿಕೆ ಮೊದಲಿನಿಂದಲೂ ಸ್ವಲ್ಪ ಬೇರೆ ರೀತಿ. ಭಾಗವತಿಕೆ, ಮದ್ದಳೆ, ಚೆಂಡೆಗಳನ್ನು ಗುರುವಿನ ಮನೆಯಲ್ಲಿ ಕೂತು ಕಲಿಯುವ ಪದ್ಧತಿ ಹಳೆಯದು, ಮಳೆಗಾಲದಲ್ಲಿ ಊರಿನಲ್ಲಿದ್ದ ಭಾಗವತರಿಗೆ ಅದಕ್ಕೆ ಬಿಡುವೂ ಇತ್ತು. ತೆಂಕಿನಲ್ಲಿ ಮಾಂಬಾಡಿ ಮನೆತನ ಇಂಥ ಪಾಠಕ್ಕೆ ಹೆಸರಾಯಿತು. ಗುಂಡ್ಮಿಯ ಕಾಳಿಂಗ ನಾವಡರ ಕಥೆಯಲ್ಲಿ ಮನೆ, ಕೇಂದ್ರ, ಮೇಳ ಮೂರೂ ಕೂಡಿದ್ದನ್ನು ಕಾಣಬಹುದು. 1958ರಲ್ಲಿ ಭಾಗವತ ರಾಮಚಂದ್ರ ನಾವಡರ ಮಗನಾಗಿ ಹುಟ್ಟಿ, ಹಂಗಾರಕಟ್ಟೆಯಲ್ಲಿ ನಾರ್ಣಪ್ಪ ಉಪ್ಪೂರರ ಶಿಷ್ಯರಾಗಿ, ಅವರದೇ ಜೊತೆಯಲ್ಲಿ ಮೇಳಕ್ಕೆ ಸಂಗೀತಗಾರನಾಗಿ ಹೋದರು. ಇಪ್ಪತ್ತರ ಹರೆಯದಲ್ಲೇ ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾದರು. ಅವರ ಪದ್ಯ ಕೇಳಲೆಂದೇ ಡೇರೆ ತುಂಬುತ್ತಿತ್ತು, ಕ್ಯಾಸೆಟ್ಟುಗಳು ಹೋಟೆಲು, ಬಸ್ಸುಗಳಲ್ಲಿ ಮೊಳಗುತ್ತಿದ್ದವು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ. ಭಾಗವತನಾಗಬೇಕೆಂದು ಆ ಕ್ಯಾಸೆಟ್ಟುಗಳನ್ನೇ ಗುರುವಾಗಿ ಇಟ್ಟುಕೊಂಡ ಹುಡುಗರ ಒಂದು ತಲೆಮಾರೇ ಆಮೇಲೆ ಬಂತು. ಕೇಳಿ ಕಲಿಯುವ ಹಳೆಯ ರೀತಿಗೆ ಟೇಪ್ ರೆಕಾರ್ಡರ್ ಜೊತೆಯಾದ ಕಾಲ ಅದು.

ಶಾಲೆಗೆ ಹೋಗುವ ಮಕ್ಕಳು, ಕಲಾವಿದರಾಗುವ ಉದ್ದೇಶವಿಲ್ಲದೆಯೂ ಯಕ್ಷಗಾನ ಕಲಿಯಬಹುದು ಎಂಬ ಯೋಚನೆ ತುಸು ಮುಂದಿನದು. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಬಣ್ಣ, ವೇಷ, ಮಾತು, ಕುಣಿತ ಎಲ್ಲವೂ ಮಕ್ಕಳದ್ದೇ. ಈ ಮೇಳ ಸಾಂಪ್ರದಾಯಿಕ ಮಟ್ಟುಗಳನ್ನು ಬಿಡದೆ ಕುಣಿದು ವಿದೇಶಗಳಿಗೂ ಹೋಗಿ ಬಂತು. ಅದೇ ವರ್ಷ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮಕ್ಕೆ ದುಡಿಯುತ್ತ ಬಂದು, ಮುಂದೆ ಶಾಲಾ ಮಕ್ಕಳ ಕಲಿಕೆಗೂ ಕೈ ಹಾಕಿತು. ಶಾಸಕರಾಗಿದ್ದ ಕೆ. ರಘುಪತಿ ಭಟ್ಟರ ಮುತುವರ್ಜಿಯಿಂದ ರೂಪುಗೊಂಡ ಯಕ್ಷಶಿಕ್ಷಣ ಟ್ರಸ್ಟ್ ಉಡುಪಿಯ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಲಾರಂಭಿಸಿತು. ಮಳೆಗಾಲದಲ್ಲಿ ಪಾಠ, ವರ್ಷದ ಕೊನೆಯಲ್ಲಿ ಶಾಲೆಗೊಂದು ಪ್ರಸಂಗದಂತೆ ಸಾಲು ಸಾಲು ಪ್ರದರ್ಶನ. ದಕ್ಷಿಣ ಕನ್ನಡದ ಕಡೆ ಭಾಗವತ ಪಟ್ಲ ಸತೀಶ ಶೆಟ್ಟರ ಯಕ್ಷಧ್ರುವ ಪ್ರತಿಷ್ಠಾನವೂ ಶಾಲೆಗಳಲ್ಲಿ ಉಚಿತ ತರಗತಿ ನಡೆಸುತ್ತಿದೆ. ಮೇಳದ ಕಲಾವಿದರಿಗೆ ಮಳೆಗಾಲದಲ್ಲಿ ಇದೊಂದು ಸಂಪಾದನೆಯ ದಾರಿಯಾದದ್ದು ಎಣಿಸದೆ ಸಿಕ್ಕ ಲಾಭ. ಹಿಂದೆ ಯಜಮಾನರ ಮುಂಗಡಕ್ಕೆ ಕೈಚಾಚುತ್ತಿದ್ದ ತಿಂಗಳುಗಳಲ್ಲಿ ಈಗ ಅವರು ಮೇಷ್ಟ್ರುಗಳು.

ಶಾಲೆಗಳ ತರಗತಿಯಿಂದ ಆದ ದೊಡ್ಡ ಬದಲಾವಣೆ ಹೆಣ್ಣುಮಕ್ಕಳದ್ದು. ಮೇಳದ ರಾತ್ರಿ ತಿರುಗಾಟದಲ್ಲಿ ಹೆಣ್ಣಿಗೆ ಜಾಗವೇ ಇರಲಿಲ್ಲ, ದ್ರೌಪದಿಯನ್ನೂ ಗಂಡಸೇ ಮಾಡಬೇಕು. ಈ ಗೋಡೆಯನ್ನು ವೃತ್ತಿಮೇಳದಲ್ಲೇ ದಾಟಿದವರು ಲೀಲಾವತಿ ಬೈಪಾಡಿತ್ತಾಯರು (1947–2024). ಮದುವೆಯಾದ ಮೇಲೆ, ಮದ್ದಳೆಗಾರರಾಗಿದ್ದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ತೆಂಕಿನ ಮೇಳಗಳಲ್ಲಿ ರಾತ್ರಿಯಿಡೀ ಪದ್ಯ ಹೇಳಿದರು, ಬಳಿಕ ದಂಪತಿ ಮಕ್ಕಳಿಗೆ ಹಿಮ್ಮೇಳ ಕಲಿಸಿದರು. ಅವರ ಹಿಂದೆ ವೃತ್ತಿಮೇಳಗಳಿಗೆ ಹೆಂಗಸರ ಸಾಲು ಬರಲಿಲ್ಲ. ಆದರೆ ಮಹಿಳಾ ತಂಡಗಳು, ಹವ್ಯಾಸಿ ಸಂಘಗಳು ಊರೂರಲ್ಲಿ ಎದ್ದವು. ಇಂದು ಪ್ರೌಢಶಾಲೆಯ ಪ್ರದರ್ಶನಗಳಲ್ಲಿ ಮುಂಡಾಸು ಕಟ್ಟಿ ಅಬ್ಬರಿಸುವ ಕೌರವ ಹುಡುಗಿಯೇ ಆಗಿರುವುದು ಯಾರಿಗೂ ಸೋಜಿಗವಲ್ಲ. ಆ ಹುಡುಗಿಯರಿಗೆ ಹತ್ತನೇ ತರಗತಿಯ ನಂತರ ವೃತ್ತಿಯ ದಾರಿ ಇನ್ನೂ ತೆರೆದಿಲ್ಲ.

ಹುಡುಗರ ಮಟ್ಟಿಗೂ ಕಲಿಕೆಯೂ ಅವಕಾಶವೂ ಒಂದೇ ಜಾಗದಲ್ಲಿ ಸಿಗುತ್ತಿದ್ದ ಕಾಲ ಹೋಯಿತು. ಡೇರೆ ಮೇಳಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮಡಚಿದವು. ಹರಕೆಯಾಟದ ಮೇಳಗಳು ಮಾತ್ರ ಬಲವಾಗಿವೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಲ್ಲಿ ಆಟ ಆಡಿಸಲು ಭಕ್ತರು ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕಾಗಿದ್ದು, ಒಂದೊಂದು ಕ್ಷೇತ್ರದಿಂದ ಹಲವು ಮೇಳಗಳು ಹೊರಡುತ್ತವೆ. ಹೀಗಾಗಿ ಕೇಂದ್ರದಲ್ಲಿ ಕಲಿತು ಬಂದವನಿಗೆ ಗೆಜ್ಜೆ ಕಟ್ಟಲು ಜಾಗ ಸಿಗುವುದು ಈಗ ಕಷ್ಟವಲ್ಲ, ಮೇಲೆ ಬರುವುದು ಕಷ್ಟ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಹಲವು ಮೇಳಗಳಲ್ಲಿ ಕಾಲಮಿತಿಗೆ ಬಂದು ನಡುರಾತ್ರಿಯೊಳಗೆ ಮುಗಿಯುತ್ತದೆ. ಮೊದಲೇ ಸೊರಗಿದ್ದ ಪೂರ್ವರಂಗಕ್ಕೆ, ಸಣ್ಣ ವೇಷಗಳಿಗೆ ಅಲ್ಲಿ ಸಮಯವಿಲ್ಲ. ಆದರೆ ಬೇಗ ಮುಗಿಯುವ ಆಟದಿಂದ ಇನ್ನೊಂದು ಬಗೆಯ ಕಲಾವಿದ ಹುಟ್ಟಿದ್ದಾನೆ. ಹಗಲು ಶಾಲೆಯಲ್ಲಿ ಮೇಷ್ಟ್ರೋ ಬ್ಯಾಂಕಿನಲ್ಲಿ ನೌಕರನೋ ಆಗಿದ್ದು ರಾತ್ರಿ ವೇಷ ಮಾಡುವವರು, ಎಂಜಿನಿಯರಿಂಗ್ ಓದುತ್ತ ವಾರದ ಕೊನೆಗೆ ಚೆಂಡೆಗೆ ಕೂರುವವರು ಮೇಳಗಳಲ್ಲೂ ಹವ್ಯಾಸಿ ತಂಡಗಳಲ್ಲೂ ಸಾಕಷ್ಟಿದ್ದಾರೆ. ಮಳೆಗಾಲದಲ್ಲಿ ಬೆಂಗಳೂರು, ಮುಂಬಯಿಗಳ ಸಭಾಂಗಣಗಳಲ್ಲಿ ಆಯ್ದ ಕಲಾವಿದರ ಆಟ, ತಾಳಮದ್ದಳೆಗಳು ನಡೆಯುತ್ತವೆ. ಅಲ್ಲಿಗೆ ಕರೆ ಬರುವುದು ಹೆಸರು ಮಾಡಿದವರಿಗೆ ಮಾತ್ರ. ಹೊಸಬನ ಕುಣಿತದ ತುಣುಕು ಮೊಬೈಲಿನಲ್ಲಿ ಹರಿದಾಡಿ ಒಂದೇ ವಾರದಲ್ಲಿ ಊರೂರಿಗೆ ಗುರುತಾಗುವುದೂ ಉಂಟು. ಹೂವಿನಕೋಲಿನ ಚಾವಡಿಗೆ ಬದಲಾಗಿ ಬಂದ ಜಾಗ ಇದೇ ಎನ್ನಬಹುದಾದರೂ, ಅಲ್ಲಿ ಗುರುತಾಗುವುದು ಕುಣಿತ ಮಾತ್ರ. ಅರ್ಥ ಹೇಳುವವನನ್ನು ಹುಡುಕುವವರು ಈಗಲೂ ತಾಳಮದ್ದಳೆಯ ಕೂಟಕ್ಕೇ ಹೋಗಬೇಕು.